ಎದುರು ಕುರ್ಚಿಯಲ್ಲಿ ‘ಯಾಕೆ ಮೇಡಂ’

ಹತ್ತೊಂಬತ್ತು ವರ್ಷಗಳ ಹಿಂದೆ, ಈ ಹೈಸ್ಕೂಲು ಮೇಡಂ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತನೇ ತರಗತಿಯ ತರಲೆಯೊಬ್ಬ ಎದ್ದು ನಿಂತು ಕೇಳಿದ್ದನಂತೆ: “ಮೇಡಂ, ನಾವು ಎಲ್ಲದಕ್ಕೂ ಕಾರಣ ಕೊಡಬೇಕು, ಸರಿ. ನಮ್ಮ ಕಾರಣ ಗಟ್ಟಿ ಇದ್ರೆ ನೀವು ಕೇಳ್ತೀರಾ?” ಹೊಸ ಟೀಚರು ಹಿಂದೆ ಮುಂದೆ ನೋಡದೆ ಮಾತು ಕೊಟ್ಟರು. “ನನ್ನ ಕೈಲಿ ಮುರಿಯೋಕಾಗದ ವಾದ ಯಾರೇ ತರಲಿ, ಅದು ಹೇಳಿದ ಹಾಗೆ ನಡ್ಕೋತೀನಿ.” ಅಲ್ಲಿಂದೀಚೆಗೆ ಪ್ರತಿ ವರ್ಷವೂ ಮೊದಲ ದಿನ ಹೊಸ ಮಕ್ಕಳಿಗೆ ಅದೇ ಮಾತು. “ಆಗಿನ್ನೂ ಚಿಕ್ಕ ವಯಸ್ಸು. ಮಾತು ಕೊಡೋಕೆ ಏನು ಕಷ್ಟ?” ಎಂದು ಈಗ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಆಕೆಯ ಬಗ್ಗೆ ಬರೆಯಲೆಂದು ನಾನು ಮೊದಲ ಸಲ ಶಾಲೆಗೆ ಹೋದಾಗ ಬೀದಿದೀಪಗಳು ಇನ್ನೂ ಆರಿಲ್ಲ. ಹೈಸ್ಕೂಲಿನ ಮಹಡಿಯ ಮೂಲೆ ಕೋಣೆಯಲ್ಲಿ ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹೊತ್ತಿಕೊಳ್ಳುತ್ತದೆ. ಮೇಡಂ ಕಪ್ಪುಹಲಗೆ ಒರೆಸಿ, ಖಾಲಿ ಕುರ್ಚಿಯೊಂದನ್ನು ಎಳೆದು ಬೆಂಚುಗಳ ಎದುರಿಗೆ ಇಡುತ್ತಾರೆ. ಅದರ ಒಂದು ಕಾಲು ಮೋಟು, ಅಡಿಗೆ ಮಡಿಸಿದ ರಟ್ಟು. ಆಕಳಿಸುತ್ತಾ, ಒದ್ದೆ ತಲೆ ಒರೆಸಿಕೊಳ್ಳುತ್ತಾ ಹದಿನಾರು ಮಕ್ಕಳು ಬಂದು ಕೂರುತ್ತಾರೆ.

ಇದು ಪ್ರಬಂಧದ ತರಗತಿ. ಶಾಲೆ ಶುರುವಾಗುವ ಮೊದಲೇ ನಡೆಯುತ್ತದೆ, ಯಾರೂ ಹೇಳಿ ಮಾಡಿಸಿದ್ದಲ್ಲ. ಬರೆದವರು ತಮ್ಮ ಪ್ರಬಂಧವನ್ನು ಆ ಖಾಲಿ ಕುರ್ಚಿಗೆ ಓದಿ ಹೇಳಬೇಕು. ಕುರ್ಚಿಯಲ್ಲಿ ಕೂತಿರುವುದು ತಮ್ಮ ಮಾತು ಒಪ್ಪದ ಮನುಷ್ಯ ಎಂದುಕೊಳ್ಳಬೇಕು. ಓದಿ ಮುಗಿಸಿದ ಮೇಲೆ ಅದೇ ಕುರ್ಚಿಯಲ್ಲಿ ತಾವೇ ಹೋಗಿ ಕೂತು, ತಮ್ಮ ವಾದವನ್ನು ತಾವೇ ಒಡೆಯಬೇಕು. ಒಡೆಯಿತೋ, ಮತ್ತೆ ಬರೆಯಬೇಕು.

ಒಬ್ಬ ಹುಡುಗ ಶಾಲೆಗೆ ಮೊಬೈಲು ತರಬಾರದು ಎಂದು ಓದುತ್ತಿದ್ದಾನೆ. ಸಾಲುಸಾಲಿಗೂ ‘ಆದ್ದರಿಂದ’. ಮೇಡಂ ಕೈ ಎತ್ತುತ್ತಾರೆ. “ಸ್ವಲ್ಪ ನಿಲ್ಲಪ್ಪ. ಮಧ್ಯೆ ಆದ್ದರಿಂದ ಅಂತ ತುರುಕಿದ್ರೆ ಕಾರಣ ಆಗಿಬಿಡುತ್ತಾ? ನಿನ್ನೆ ಮಳೆ ಬಂತು, ಆದ್ದರಿಂದ ನಮ್ಮ ಮಾವನಿಗೆ ಮೀಸೆ ಇದೆ.” ತರಗತಿ ಗೊಳ್ಳೆಂದು ನಗುತ್ತದೆ. “ಮೊಬೈಲು ಕೆಟ್ಟದ್ದು ಅಂದೆ. ಯಾಕೆ?” “ಎಲ್ಲರೂ ಹೇಳ್ತಾರೆ ಮೇಡಂ.” “ಎಲ್ಲರೂ ಯಾಕೆ ಹೇಳ್ತಾರೆ?” ಆಕೆಗೆ ‘ಯಾಕೆ ಮೇಡಂ’ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಹೀಗೆ.

ಹಗಲು ಆಕೆಗೆ ಆರು ಪೀರಿಯಡ್ಡು. ಒಂದೊಂದು ಕೋಣೆಯಲ್ಲೂ ಅರವತ್ತರ ಮೇಲೆ ಮಕ್ಕಳು. ಪರೀಕ್ಷೆಗೆ ಗೈಡಿನ ಪ್ರಬಂಧ ಬಾಯಿಪಾಠ ಮಾಡಿ ಕಕ್ಕಿದರೂ ಅಂಕ ಸಿಗುತ್ತದೆ, ಹಾಗಾಗಿ ಈ ಉಸಾಬರಿ ಯಾರಿಗೂ ಬೇಕಿಲ್ಲ. ಸಂಜೆ ಮನೆಗೆ ಬಂದರೆ ಮೊಣಕಾಲು ಊದಿಕೊಂಡಿರುತ್ತದೆ. ಪುಸ್ತಕದ ಕಟ್ಟು ಜೊತೆಗೇ ಬಂದಿರುತ್ತದೆ. ಒಲೆಯ ಮೇಲೆ ಒಂದು ಕಣ್ಣು, ಮಕ್ಕಳ ಹೋಂವರ್ಕಿನ ಮೇಲೆ ಒಂದು ಕಣ್ಣು ಇಟ್ಟು ದುಡಿಯುವವರಿಗೆ ಈ ಸುಸ್ತನ್ನು ಬಿಡಿಸಿ ಹೇಳಬೇಕಿಲ್ಲ.

“ಸಾರಿಗೆ ಉಪ್ಪು ಜಾಸ್ತಿ ಆಯ್ತು ಕಣೇ ಅಂದ್ರೂ ಆಧಾರ ಕೇಳ್ತಾಳೆ,” ಎನ್ನುತ್ತಾರೆ ಅತ್ತೆ. ಮೋಟಾರು ರಿಪೇರಿ ಮಾಡುವ ಗಂಡ ಅದಕ್ಕೆ ಸೇರಿಸುತ್ತಾರೆ: “ನಮ್ಮನೇಲಿ ಜಗಳ ಆಡೋಕೂ ಪೀಠಿಕೆ ಬೇಕು ಸಾರ್.” ಇಬ್ಬರೂ ಬೆಳಗಿನ ತರಗತಿ ಬಿಟ್ಟುಬಿಡು ಎಂದು ಹೇಳಿ ಹೇಳಿ ಸಾಕಾಗಿದ್ದಾರೆ. ಮೇಡಂ ಜಗ್ಗಿಲ್ಲ. “ಹಗಲು ಮಾಡೋದು ನೌಕರಿ. ಬೆಳಿಗ್ಗೆ ಮಾಡೋದಷ್ಟೇ ಪಾಠ,” ಎನ್ನುವಾಗ ಆ ದಣಿದ ಮುಖದಲ್ಲಿ ಸ್ವಲ್ಪ ಬೆಳಕು ಬರುತ್ತದೆ.

ಈ ವರ್ಷ ಆಕೆಯೇ ಒಂದು ವಿಷಯ ಕೊಟ್ಟರು: ಬೆಳಗಿನ ತರಗತಿ ಇರಬೇಕೆ, ಬೇಡವೆ? ಹದಿನೈದು ಮಂದಿ ಇರಬೇಕು ಎಂದು ಬರೆದರು. ಬೇಡ ಎಂದು ಬರೆದದ್ದು ಕೊನೆಯ ಬೆಂಚಿನ ಒಬ್ಬಳೇ ಹುಡುಗಿ. ಅವಳ ಚಿಕ್ಕಮ್ಮ ಶಾಲೆಯ ಕಸ ಗುಡಿಸುವವರು. ಅವರ ಜೊತೆ ಬರುವುದರಿಂದಲೇ ಅವಳಿಗೆ ಈ ತರಗತಿ ದಕ್ಕಿದೆ. ಅವಳು ಓದುವ ದಿನ ನಾನು ಅಲ್ಲಿದ್ದೇನೆ.

ಹುಡುಗಿ ಕುರ್ಚಿಯನ್ನೇ ನೋಡುತ್ತಾ ಓದುತ್ತಾಳೆ. ಇಲ್ಲಿಗೆ ಬರಲು ಆಗುವವರು ಬರದಿದ್ದರೂ ಹೇಗೋ ಕಲಿಯುತ್ತಾರೆ. ಇದು ಬೇಕೇ ಬೇಕಾದವರು ಈ ಹೊತ್ತಿಗೆ ಹಾಲಿನ ಪ್ಯಾಕೆಟ್ಟು ಹಾಕುತ್ತಿರುತ್ತಾರೆ, ತಮ್ಮ ತಂಗಿಯರಿಗೆ ಸ್ನಾನ ಮಾಡಿಸುತ್ತಿರುತ್ತಾರೆ. ಆಮೇಲೆ ದನಿ ತಗ್ಗುತ್ತದೆ. “ಮೇಡಂ ತಮ್ಮ ಶಕ್ತಿಯನ್ನೆಲ್ಲ ಇಲ್ಲೇ ಮುಗಿಸುತ್ತಾರೆ. ಮಧ್ಯಾಹ್ನ ನಮ್ಮ ತರಗತಿಗೆ ಬಂದಾಗ ಅವರು ಯಾಕೆ ಎಂದು ಕೇಳುವುದಿಲ್ಲ. ಓದಿಕೊಳ್ಳಿ ಎನ್ನುತ್ತಾರೆ.”

ಹುಡುಗಿ ಪದ್ಧತಿಯಂತೆ ಕುರ್ಚಿಯ ಕಡೆ ಹೊರಡುತ್ತಾಳೆ. “ನೀನಿರಮ್ಮ, ಇವತ್ತು ನಾನು ಕೂರ್ತೀನಿ,” ಎಂದು ಮೇಡಂ ತಾವೇ ಹೋಗಿ ಕೂರುತ್ತಾರೆ. ರಟ್ಟು ಜಾರಿ ಕುರ್ಚಿ ವಾಲುತ್ತದೆ. ಸರಿಪಡಿಸಿಕೊಂಡು, ಹುಡುಗಿಯ ಹಾಳೆ ಇಸಿದುಕೊಂಡು ಮತ್ತೊಮ್ಮೆ ಓದುತ್ತಾರೆ. ಕೊನೆಗೆ, “ನಂಗೆ ಎರಡು ದಿನ ಕೊಡೇ,” ಎನ್ನುತ್ತಾರೆ.

ಆ ಎರಡು ದಿನ ಆಕೆ ಹುಡುಗಿಯ ವಾದದಲ್ಲಿ ಬಿರುಕು ಹುಡುಕಿದರು. “ಒಂದು ಸುಳ್ಳು ಸಿಕ್ಕಿದ್ರೆ ಸಾಕಿತ್ತು. ಓದಿಕೊಳ್ಳಿ ಅಂತ ನಾನು ಯಾವತ್ತೂ ಅಂದಿಲ್ಲ ಅನ್ನೋಣ ಅಂದ್ರೆ, ಹಿಂದಿನ ದಿನವೇ ಅಂದಿದ್ದೆ,” ಎಂದು ಸ್ಟಾಫ್ ರೂಮಿನಲ್ಲಿ ತಣ್ಣಗಾದ ಚಹಾ ಹಿಡಿದು ಹೇಳುತ್ತಾರೆ. “ಬೇಜಾರಾಯ್ತು ಅಂತ ಬರ್ಕೊಳ್ಳಿ. ಆಗದೆ ಇರುತ್ತಾ? ಆದ್ರೆ ಅದು ಕಾರಣ ಅಲ್ವಲ್ಲ.”

ಮೂರನೇ ದಿನ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ವಾರಕ್ಕೆರಡು ಪೀರಿಯಡ್ಡು ಹಗಲಿನಲ್ಲೇ ಪ್ರಬಂಧಕ್ಕೆ ಕೊಡಿ ಎಂದು ಕೇಳಿದ್ದಾರೆ. “ಯಾಕಮ್ಮ?” ಎಂದರಂತೆ ಅವರು. ಮೇಡಂ ಹುಡುಗಿಯ ಪ್ರಬಂಧವನ್ನೇ ಮುಂದಿಟ್ಟರು. ಸಿಕ್ಕಿದ್ದು ಒಂದೇ ಪೀರಿಯಡ್ಡು, ಊಟವಾದ ಮೇಲಿನದ್ದು, ಎಲ್ಲರಿಗೂ ನಿದ್ದೆ ಎಳೆಯುವ ಹೊತ್ತು.

ಮೊನ್ನೆ ಮತ್ತೆ ಹೋಗಿದ್ದೆ. ಅರವತ್ತೆರಡು ಮಕ್ಕಳು, ಸೆಕೆ, ಕಿಟಕಿಯಾಚೆ ಲಾರಿಯ ಹಾರ್ನು. ಮೋಟು ಕಾಲಿನ ಕುರ್ಚಿಯನ್ನು ಮಹಡಿಯಿಂದ ಇಳಿಸಿ ತಂದಿದ್ದಾರೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಹಾಕುವ ಹುಡುಗನೊಬ್ಬ ಅದರಲ್ಲಿ ಕೂತು, ತಾನು ಬರೆದ ಮೂರೇ ಸಾಲನ್ನು ಒಡೆಯಲಾರದೆ ಬೆವರುತ್ತಿದ್ದಾನೆ. “ಯಾಕೆ?” ಎನ್ನುತ್ತಾರೆ ಮೇಡಂ, ದನಿ ಬಿದ್ದುಹೋಗಿದ್ದರೂ. ಹಿಂದಿನ ಬೆಂಚಿನವರಿಗೆ ಕೇಳಿಸುವುದಿಲ್ಲ. ಇನ್ನೊಮ್ಮೆ ಹೇಳುತ್ತಾರೆ.

ಮಹಡಿಯ ಮೂಲೆ ಕೋಣೆಗೆ ಬೀಗ ಬಿದ್ದಿದೆ. ಬೆಳಗಿನ ತರಗತಿ ಈಗ ಇಲ್ಲ. ಮೇಡಂ ಹತ್ತೊಂಬತ್ತು ವರ್ಷಗಳ ಹಿಂದೆ ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ.