ಕೊಳೆ ಹಾಗೇ ಇರಲಿ!

ಬೆಳಕು ಸರಿಯಾಗಿ ಹರಿದಿಲ್ಲ, ಪೊಲೀಸ್ ಪ್ರಯೋಗಾಲಯದ ಮೂಲೆ ಕೋಣೆಯಲ್ಲಿ ಆಗಲೇ ಬೈಗುಳ ಶುರುವಾಗಿದೆ. ಬೈಯುತ್ತಿರುವವರು ಸಸ್ಯ ಪರೀಕ್ಷಕಿ. ಬೈಸಿಕೊಳ್ಳುತ್ತಿರುವುದು ಮೇಜಿನ ಮೇಲೆ ಫಳಫಳ ಹೊಳೆಯುತ್ತಿರುವ ಒಂದು ಜೊತೆ ಶೂ. "ತೊಳೆದಿದ್ದು ಸಾಲದು ಅಂತ ಪಾಲಿಶ್ ಬೇರೆ ಹೊಡೆದಿದ್ದಾನೆ ಪುಣ್ಯಾತ್ಮ! ನಾನೇನು ಇದನ್ನ ಹಾಕ್ಕೊಂಡು ಮದುವೆಗೆ ಹೋಗ್ತೀನಾ?"

ಇಷ್ಟು ಬೇಗ ಬರುವುದಕ್ಕೆ ಕಾರಣ ಫ್ಯಾನು. ಹೂವಿನ ಪರಾಗ ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಗಾಳಿಗೆ ಹಾರಿಹೋಗುತ್ತದೆ. ಫ್ಯಾನ್ ಆರಿಸಿದರೆ ಪಕ್ಕದ ಮೇಜಿನವರು ಸೆಕೆಯೆಂದು ಗೊಣಗುತ್ತಾರೆ. ಅವರು ಬರುವಷ್ಟರಲ್ಲಿ ಮುಗಿಸಬೇಕು.

ಬಟ್ಟೆಗೆ, ಶೂಗೆ, ವಾಹನದ ಚಕ್ರಕ್ಕೆ ಅಂಟಿದ ಬೀಜ, ಪರಾಗ ನೋಡಿ ಅವು ಎಲ್ಲೆಲ್ಲಿ ತಿರುಗಿವೆ ಎಂದು ಹೇಳುವುದು ಇವರ ಕೆಲಸ. ಠಾಣೆಗಳಲ್ಲಿ ಇವರ ಹೆಸರು ‘ಹುಲ್ಲಕ್ಕ’. ಮನೆಯಲ್ಲೂ ಮರ್ಯಾದೆ ಅಷ್ಟಕ್ಕಷ್ಟೆ. "ಸೊಸೆ ಪೊಲೀಸ್ ಇಲಾಖೆಯಲ್ಲಿದ್ದಾಳೆ ಅಂತ ಹೇಳ್ಕೊಂಡು ಓಡಾಡಿದ್ದೆ, ನೋಡಿದ್ರೆ ಹುಲ್ಲು ನೋಡ್ತಾ ಕೂತಿರ್ತಾಳಂತೆ ಅಂತಾರೆ ನಮ್ಮತ್ತೆ." ಠಾಣೆಯವರಲ್ಲಿ ಹಸಿ ಎಲೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದು ಕೊಳೆಸಿ ಕಳಿಸುವವರಿದ್ದಾರೆ. ಪ್ಯಾಂಟಿಗೆ ಅಂಟಿದ ಬೀಜವನ್ನೆಲ್ಲ ಕಿತ್ತೆಸೆದು, ಇಸ್ತ್ರಿ ಮಾಡಿ ಕಳಿಸಿದವರೂ ಇದ್ದಾರೆ. ಇಂಥವರಿಗೆ ಹೇಳಿ ಹೇಳಿ ಯಾರಿಗಾದರೂ ಸಾಕಾಗಿಹೋಗುತ್ತದೆ.

ಇವತ್ತಿನ ಶೂ ಒಬ್ಬ ವ್ಯಾನ್ ಚಾಲಕನದು. ಕಾಲುವೆ ದಂಡೆಯಲ್ಲಿ ನಡೆದ ಕೊಲೆಗೆ ಅವನನ್ನು ಒಳಗೆ ಹಾಕಿದ್ದಾರೆ. ತಾನು ಆ ಕಡೆ ಕಾಲೇ ಇಟ್ಟಿಲ್ಲ, ಸರ್ವೆ ಮರದ ತೋಪಿನಲ್ಲಿ ವ್ಯಾನ್ ನಿಲ್ಲಿಸಿ ಮಲಗಿದ್ದೆ ಎನ್ನುತ್ತಾನೆ. ದಂಡೆಯ ಜೊಂಡು ಈಗ ಮೈತುಂಬ ಹೂ ಬಿಟ್ಟಿದೆ; ಅಲ್ಲಿ ನಡೆದವರ ಶೂಗೆ ಅದರ ಪರಾಗ ಮೆತ್ತಿಕೊಳ್ಳದೆ ಇರದು. ಮೆತ್ತಿಲ್ಲವೆಂದರೆ ಚಾಲಕನ ಮಾತಿಗೆ ಬಲ. ಆದರೆ ತೊಳೆದ ಶೂನಲ್ಲಿ ಅದು ಸಿಗದಿದ್ದರೆ ಏನರ್ಥ?

"ತೊಳೆದ್ರಲ್ಲ, ಅದಕ್ಕೇ ಹೋಯ್ತು ಅಂತಾರೆ ಕೋರ್ಟಲ್ಲಿ. ಅಲ್ಲಿಗೆ ಆ ಮನುಷ್ಯನ ಕಥೆ ಮುಗೀತು." ಹುಲ್ಲಕ್ಕನ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಶೂ ತೊಳೆದ ಪೇದೆಯನ್ನು ಕರೆಸಿದ್ದಾರೆ. ಅವನು ಬಾಗಿಲಲ್ಲೇ ಮುದುಡಿ ನಿಂತಿದ್ದಾನೆ. "ಕೆಸರು ಶೂನ ನಿಮ್ಮ ಮೇಜಿನ ಮೇಲೆ ಹೇಗಿಡೋದು ಅಂತ ತೊಳೆದೆ ಮೇಡಂ. ಲೇಸೂ ಹೊಸದು ಹಾಕ್ಸಿದೆ."

"ಹಳೇದೆಲ್ಲಪ್ಪಾ?"

"ಗಂಟು ಬಿಚ್ಚೋಕಾಗ್ಲಿಲ್ಲ, ಕತ್ತರಿಸ್ದೆ. ಶೂ ಬಂದ ಕವರಲ್ಲೇ ಇದೆ. ಅದನ್ನ ತೊಳೆದಿಲ್ಲ ಮೇಡಂ, ಕ್ಷಮಿಸಿ."

"ಕ್ಷಮಿಸೋದಾ? ಓಡು, ತಗೊಂಬಾ!"

ಕವರ್ ಬರುತ್ತದೆ. ಸದ್ಯ, ಕಾಗದದ್ದು. ಲೇಸನ್ನು ನೀರಿನಲ್ಲಿ ಜಾಲಿಸಿ, ತಳಕ್ಕಿಳಿದದ್ದನ್ನು ಗಾಜಿನ ಮೇಲಿಟ್ಟು ಹುಲ್ಲಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಡುತ್ತಾರೆ. ಸರ್ವೆಯ ಪರಾಗ ರಾಶಿ ರಾಶಿ. ಜೊಂಡಿನದು ಎಷ್ಟು ಹುಡುಕಿದರೂ ಇಲ್ಲ.

"ಅವನು ಕೊಂದಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಈ ಲೇಸಲ್ಲಿ ಜೊಂಡಿಲ್ಲ ಅಂತ ಹೇಳ್ತೀನಿ. ಶೂ ತೊಳೆದಿದ್ದು, ಲೇಸು ತೊಳೀದೇ ಇದ್ದಿದ್ದು, ಎರಡನ್ನೂ ನೀನೇ ಬಂದು ಕೋರ್ಟಲ್ಲಿ ಹೇಳ್ಬೇಕು."

"ನನಗೆ ಮೆಮೊ ಕೊಡ್ತಾರೆ ಮೇಡಂ."

"ಹೇಳ್ದಿದ್ರೆ ಅವನಿಗೆ ಜೀವಾವಧಿ ಕೊಡ್ತಾರೆ."

"ಬರ್ತೀನಿ ಮೇಡಂ."

ಪಕ್ಕದ ಮೇಜಿನವರು ಬರುತ್ತಾರೆ. ಹುಲ್ಲಕ್ಕ ತಾವೇ ಎದ್ದು ಫ್ಯಾನ್ ಹಾಕುತ್ತಾರೆ. ಪತ್ರಿಕೆಗೆ ಒಂದು ಫೋಟೊ ತೆಗೆಯಲೇ ಎಂದರೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಮುಖ ಹಾಕ್ಬೇಡಿ. ‘ಕೊಳೆ ಹಾಗೇ ಇರಲಿ’ ಅಂತ ಮೇಲ್ಗಡೆ ದಪ್ಪಕ್ಷರದಲ್ಲಿ ಹಾಕಿ. ಠಾಣೆಯವರು ಅಷ್ಟಾದ್ರೂ ಓದ್ಲಿ."