ಬಾಗಿಲ ಹಿಡಿಗೆ ತೂಗುಹಾಕಿದ ಬೈರಾಸ

ಮನೆ ಬದಲಿಸುವ ಗಡಿಬಿಡಿಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ನುಸಿಗುಳಿಗೆಯ ಘಾಟಿನ ಅಡಿಯಿಂದ ಅದು ಕೈಗೆ ಬಂತು. ಮೊಳಕ್ಕೂ ಕಡಿಮೆ ಅಗಲ, ಎರಡು ಮೊಳ ಉದ್ದದ ತೆಳುವಾದ ಹತ್ತಿಯ ವಸ್ತ್ರ. ಕಡುನೀಲಿಯ ಮೇಲೆ ಬಿಳಿಯ ಅಲೆಗಳು. ಎರಡು ತುದಿಗಳಿಗೂ ಹೊಲಿಗೆಯಿಲ್ಲ. ನಮ್ಮ ಕರಾವಳಿಯಲ್ಲಿ ಇಂಥದನ್ನು ಬೈರಾಸ ಎನ್ನುತ್ತೇವೆ. ಮಡಿಕೆ ಬಿಡಿಸದೆ, ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ...

ದೋಹಾದ ಹಳೆಯ ಬಡಾವಣೆಯ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ನಾವು ಇಪ್ಪತ್ತಾರು ವರ್ಷ ವಾಸವಿದ್ದೆವು. ಬಾಲ್ಯದಲ್ಲಿ ಮಸೀದಿಯ ದರ್ಸಿನಲ್ಲಿ ಉಸ್ತಾದರ ಮುಂದೆ ಕುಳಿತು ಅರಬ್ಬಿ ವ್ಯಾಕರಣವನ್ನೂ, ಶಾಲೆಯ ಪಂಡಿತರಿಂದ ಹಳಗನ್ನಡವನ್ನೂ ಕಲಿತವನು ನಾನು. ಈ ದೇಶದಲ್ಲಿ ನನಗೆ ಅನ್ನ ಕೊಟ್ಟದ್ದು ಆ ಅರಬ್ಬಿಯೇ. ವ್ಯಾಪಾರಿ ಕಚೇರಿಯೊಂದರಲ್ಲಿ ಪತ್ರಗಳನ್ನು ಭಾಷಾಂತರಿಸುತ್ತಿದ್ದೆ. ಅಲ್ಲಾಹನ ಕೃಪೆಯಿಂದ ಮಗನೂ ಮಗಳೂ ಇಲ್ಲಿಯೇ ಹುಟ್ಟಿದರು, ಇಲ್ಲಿಯೇ ಓದಿದರು. ಆದರೂ ನಮ್ಮೆಲ್ಲರ ಕಿಸೆಯಲ್ಲಿದ್ದುದು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶೀಯರ ಗುರುತಿನ ಕಾರ್ಡು. ನಾನಂತೂ ನಾಳೆ ಹೊರಡುವವನಂತೆಯೇ ಬದುಕಿದೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ. ನೆರೆಯವರ ಹಕ್ಕುಗಳ ಅಧ್ಯಾಯವನ್ನು ಉಸ್ತಾದರು ಬಾಯಿಪಾಠ ಮಾಡಿಸಿದ್ದರು. ಆದರೆ ನೆರೆಯ ಬಾಗಿಲನ್ನು ತಟ್ಟಿದ ನೆನಪು ನನಗಿರಲಿಲ್ಲ.

ಈ ಬೈರಾಸ ಕೊಟ್ಟಾಕೆ ಎದುರುಮನೆಗೆ ಬಂದದ್ದು ಒಂದು ಶುಕ್ರವಾರ. ಜುಮಾ ನಮಾಜು ಮುಗಿಸಿ ಮೆಟ್ಟಿಲೇರಿ ಬಂದಾಗ ನಮ್ಮ ಬಾಗಿಲ ಹಿಡಿಯಲ್ಲಿ ಕಾಗದದ ಪುಟ್ಟ ಚೀಲವೊಂದು ತೂಗುತ್ತಿತ್ತು. ಅದನ್ನು ಹಿಡಿದು ಒಳಗೆ ಹೋದೆ. ನನ್ನ ಹೆಂಡತಿ ನೋಡಿದ್ದೇ ತಲೆಗೆ ಕೈಹಚ್ಚಿದಳು.

"ಅಯ್ಯೋ, ಬಿಟ್ಟೇ ಹೋದಳಾ? ಬೈರಾಸ ಮಾರ್ಲಿಕ್ಕೆ ಒಬ್ಬಳು ಬಂದಿದ್ದಳು ಮಾರಾಯ್ರೆ, ಚೀನಾದವಳೋ ಎಂತದೋ. ಬಗ್ಗಿ ಬಗ್ಗಿ ಕೈಗೆ ಕೊಡ್ಲಿಕ್ಕೆ ನೋಡಿದಳು. ನಾನು 'ಮಾಫಿ, ಮಾಫಿ' ಅಂತ ಬಾಗಿಲು ಹಾಕಿದೆ."

ಮಾಫಿ ಎಂದರೆ ಇಲ್ಲ. ಇಲ್ಲಿ ಎಲ್ಲ ನಾಡಿನವರೂ ಮೊದಲು ಕಲಿಯುವ ಅರಬ್ಬಿ ಮಾತದು. ಚೀಲದೊಳಗೆ ಈ ನೀಲಿ ವಸ್ತ್ರವಿತ್ತು. ಜೊತೆಗೆ ದುಂಡಗಿನ ಇಂಗ್ಲಿಷ್ ಅಕ್ಷರಗಳ ಚೀಟಿ. ಇಂದಿನಿಂದ ಎದುರುಮನೆಯಲ್ಲಿರುತ್ತೇನೆ, ನನ್ನಿಂದ ತೊಂದರೆಯಾದೀತು, ಸಹಿಸಿಕೊಳ್ಳಬೇಕು ಎಂದು ಬರೆದಿತ್ತು. ನಮ್ಮಲ್ಲಿ ಹೊಸಬರಿಗೆ ಅಕ್ಕಪಕ್ಕದವರು ಊಟ ಕಳುಹಿಸುತ್ತಾರೆ. ಆಕೆಯ ಜಪಾನಿನಲ್ಲಾದರೆ ಬಂದವರೇ ಬಾಗಿಲಿಂದ ಬಾಗಿಲಿಗೆ ಹೋಗಿ, ಏನಾದರೊಂದು ಕೊಟ್ಟು, ತಾವು ಬಂದಿದ್ದೇವೆಂದು ತಿಳಿಸಬೇಕಂತೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ನಾಚಿಕೆಯಿಂದ ಕುಗ್ಗಿದ ಹೆಂಡತಿ ಅದೇ ಸಂಜೆ ಉಕ್ಕಿನ ತಟ್ಟೆಯಲ್ಲಿ ಅಕ್ಕಿರೊಟ್ಟಿ, ಬಟ್ಟಲಲ್ಲಿ ಕೋಳಿಸಾರು ಒಯ್ದು ಕೊಟ್ಟಳು. ಮೂರನೆಯ ದಿನ ತಟ್ಟೆ ಎಳ್ಳಿನ ಬಿಲ್ಲೆಗಳನ್ನು ಹೊತ್ತು ಮರಳಿತು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲೂ ಮರ್ಯಾದೆಯಲ್ಲ, ಆಕೆಯ ನಾಡಿನಲ್ಲೂ ಅಲ್ಲ. ಹೀಗಾಗಿ ಆ ತಟ್ಟೆಗೆ ತಿಂಗಳುಗಟ್ಟಲೆ ವಿಶ್ರಾಂತಿಯೇ ದೊರೆಯಲಿಲ್ಲ.

"ಈ ತಟ್ಟೆ ಖಲಾಸ್ ಆಗುವುದು ಯಾವಾಗ?" ಎಂದು ಹೆಂಡತಿ ಒಂದು ದಿನ ಸೋತು ಕೇಳಿದಳು.

"ಕಯಾಮತ್ತಿನ ದಿನ, ಲೋಕ ಮುಗಿಯುವಾಗ," ಎಂದೆ.

ಆಕೆಗೆ ಆಗ ಐವತ್ತರ ಆಸುಪಾಸು. ವೆಸ್ಟ್ ಬೇಯಲ್ಲಿ ತನ್ನ ದೇಶದವರ ಕಚೇರಿಯೊಂದರಲ್ಲಿ ಕೆಲಸ. ತೀರಿಕೊಂಡ ಗಂಡ ಈಜಿಪ್ಟಿನವರು. ಅವರಿಂದ ಕಲಿತ ಹರಕು ಅರಬ್ಬಿಯಲ್ಲಿ ನನ್ನೊಡನೆ ಮಾತನಾಡುತ್ತಿದ್ದರು. ನನ್ನ ಪುಸ್ತಕದ ಅರಬ್ಬಿ ಕೇಳಿದರೆ ಆಕೆಗೆ ನಗು. "ನೀವು ಉಪ್ಪು ಕೇಳಿದರೂ ಮಸೀದಿಯಲ್ಲಿ ಖುತುಬಾ ಪ್ರವಚನ ಓದಿದ ಹಾಗಿರುತ್ತದೆ," ಎನ್ನುತ್ತಿದ್ದರು. ಆಕೆಯ ಧರ್ಮವೇನೆಂದು ನಾನು ಕೇಳಲಿಲ್ಲ. ನಮ್ಮ ನಮಾಜಿನ ವೇಳೆಗೆ ಎದುರುಮನೆಯ ರೇಡಿಯೋ ತಾನಾಗಿ ತಗ್ಗುತ್ತಿತ್ತು.

ಆಕೆ ಬಂದು ಏಳನೆಯ ವರ್ಷವಿರಬೇಕು... ಕಡಲ ನೀರನ್ನು ಸಿಹಿಗೊಳಿಸುವ ವಿದ್ಯೆ ಓದಿದ್ದ ಮಗಳಿಗೆ ಜಪಾನಿನ ಸಣ್ಣ ಊರಿನ ಕಾರ್ಖಾನೆಯೊಂದರಿಂದ ಕೆಲಸದ ಕರೆ ಬಂತು. ವರುಷದೊಳಗೆ ಅಲ್ಲಿನ ಭಾಷೆ ಕಲಿತು ಬರಬೇಕು. ಹೋಗುವುದಾದರೆ ಅಲ್ಲಿ ನೆಲೆಯೂರಲಿಕ್ಕೇ ಎಂದು ಮಗಳು ಮುಚ್ಚುಮರೆಯಿಲ್ಲದೆ ಹೇಳಿದಳು. ನನ್ನ ಒಪ್ಪಿಗೆಯಿಲ್ಲದೆ ಹೋಗಲಾರೆನೆಂದೂ ಹೇಳಿದಳು. ಆ ಮಾತೇ ನನ್ನ ಎದೆಯ ಮೇಲೆ ಕಲ್ಲಾಗಿ ಕುಳಿತಿತ್ತು.

ಸೂಕ್ ವಾಕಿಫ್ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿರುವ ನನ್ನ ಭಾವ, ಹೆಂಡತಿಯ ಅಣ್ಣ, ಸುದ್ದಿ ಕೇಳಿ ಬಂದರು. ತಟ್ಟೆ ಮರಳಿಸಲು ಬಂದಿದ್ದ ಎದುರುಮನೆಯಾಕೆಯೂ ಆ ಸಂಜೆ ನಮ್ಮ ಚಾವಡಿಯಲ್ಲಿದ್ದರು.

"ಬಾಂಗು ಕೇಳದ ಊರು, ಹಲಾಲು ಹುಡುಕ್ಲಿಕ್ಕೆ ರೈಲು ಹತ್ತಬೇಕಂತೆ," ಎಂದರು ಭಾವ. "ಎರಡು ವರ್ಷ ಬಿಟ್ಟು ಬರುವಾಗ ಇವಳು ಇವಳೇ ಆಗಿ ಇರ್ಲಿಕ್ಕುಂಟಾ? ಅವರ ಹಾಗೆಯೇ ಆಗಿರ್ತಾಳೆ. ಅಲ್ಲಿ ಹೊರಗಿನವಳಾಗಿ ಸಾಯ್ಲಿಕ್ಕೆ ಕಳಿಸುವುದಾ ಭಾವ?"

ಮಗಳು ಚಹಾ ಬಗ್ಗಿಸುತ್ತ ತಲೆಯೆತ್ತದೆ ಉತ್ತರಿಸಿದಳು: "ಹುಟ್ಟಿದ ಊರಲ್ಲೇ ಹೊರಗಿನವಳು ನಾನು, ಮಾಮ. ಅಲ್ಲಿಗೆ ಹೋಗಿ ಹೊಸದಾಗಿ ಆಗ್ಲಿಕ್ಕೆ ಎಂತ ಉಂಟು?"

ಭಾವ ಏನೆಂದರೆಂದು ಎದುರುಮನೆಯಾಕೆ ನನ್ನನ್ನು ಕೇಳಿದರು. ಭಾಷಾಂತರ ನನ್ನ ವೃತ್ತಿ. ಏನನ್ನೂ ಬಿಡದೆ ಹೇಳಿದೆ. ಆಕೆ ಭಾವನ ಕಡೆ ತಿರುಗಿ, "ನಾನು ನಿಮ್ಮೆಲ್ಲರ ನಡುವೆ ಏಳು ವರ್ಷದಿಂದ ಇದ್ದೇನೆ. ನಿಮ್ಮ ಹಾಗೆ ಆಗಿದ್ದೇನೆಯೇ?" ಎಂದು ಕೇಳಿದರು. ಭಾವನ ಕಣ್ಣು ಬಾಗಿಲ ಬಳಿ ಹೋಯಿತು. ಎಲ್ಲರ ಚಪ್ಪಲಿಗಳೂ ಚೆಲ್ಲಾಪಿಲ್ಲಿಯಾಗಿದ್ದ ಕಡೆ ಆಕೆಯವು ಮಾತ್ರ ತುದಿಯನ್ನು ಹೊರಮುಖ ಮಾಡಿ ಜೋಡಿಯಾಗಿ ನಿಂತಿದ್ದವು. "ಇವರು ನಮ್ಮ ಹಾಗೆ ಆಗುವ ಜನ ಅಲ್ಲ," ಎಂದು ಭಾವ ನಗಬೇಕಾಯಿತು.

ಆಗ ಆಕೆ ಹೇಳಿದ ಸಂಗತಿಯಿದು. ಮದುವೆಯಾಗಿ ಗಂಡನೊಡನೆ ಜಪಾನಿನ ಓಣಿಯೊಂದರಲ್ಲಿ ಮನೆ ಮಾಡಿದ್ದರು. ಅಲ್ಲಿ ಓಣಿಯ ಸುದ್ದಿಗಳನ್ನು, ಚರಂಡಿ ಶುಚಿಗೊಳಿಸುವ ದಿನ, ಯಾರದೋ ಸಾವು, ಹಬ್ಬದ ಕೆಲಸ ಎಲ್ಲವನ್ನೂ ಹಾಳೆಯಲ್ಲಿ ಬರೆದು ಒಂದು ಹಲಗೆಗೆ ಸಿಕ್ಕಿಸುತ್ತಾರೆ. ಹಲಗೆ ಮನೆಯಿಂದ ಮನೆಗೆ ಕೈಯಿಂದ ಕೈಗೆ ಸಾಗುತ್ತದೆ. ಓದಿದವರು ತಮ್ಮ ಮುದ್ರೆಯೊತ್ತಿ ಮುಂದಿನ ಮನೆಗೆ ಒಯ್ಯಬೇಕು. ವಿದೇಶಿ ಗಂಡಸಿದ್ದ ಆ ಮನೆಯನ್ನು ಹಲಗೆ ದಾಟಿ ಹೋಗುತ್ತಿತ್ತು. ಯಾರೂ ಬೈಯಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ; ಹಲಗೆ ಮಾತ್ರ ಬರಲಿಲ್ಲ. ಪ್ರತಿ ಬಾರಿಯೂ ಗಂಡಹೆಂಡಿರು ಆಚೆಮನೆಗೆ ಹೋಗಿ, ತಲೆಬಾಗಿ ವಂದಿಸಿ, ಹಲಗೆಯನ್ನು ಕೇಳಿ ತರುತ್ತಿದ್ದರು. ಗಂಡ ಒಂದೊಂದೇ ಅಕ್ಷರ ಕೂಡಿಸಿ ಓದಿ, ತನ್ನ ಹೆಸರಿನ ಮುದ್ರೆಯೊತ್ತಿ, ತಾನೇ ಒಯ್ದು ಮರಳಿಸುತ್ತಿದ್ದರು. ಹನ್ನೆರಡು ವರ್ಷ.

"ಆಮೇಲೆ ಹಲಗೆ ತಾನಾಗಿ ಬಂತೇ?" ಎಂದು ಕೇಳಿದೆ.

"ಇಲ್ಲ. ಅವರು ತೀರಿಕೊಳ್ಳುವವರೆಗೂ ನಾವೇ ಹೋಗಿ ತಂದೆವು," ಎಂದರು. "ಆದರೆ ಆ ಹಲಗೆಯ ಮೇಲೆ ಅವರ ಮುದ್ರೆ ಇಲ್ಲದ ಹಾಳೆ ಒಂದೂ ಇಲ್ಲ."

ಸುಖಾಂತವಾದ ಕಥೆ ಹೇಳಿ ನನ್ನನ್ನು ಒಲಿಸಿಕೊಳ್ಳಬಹುದಿತ್ತು ಆಕೆ, ಹಾಗೆ ಮಾಡಲಿಲ್ಲ. ಅದಕ್ಕೇ ನನ್ನ ಮನಸ್ಸು ಗಟ್ಟಿಯಾಯಿತು. ಒಂದೂ ಬಾಗಿಲು ತಟ್ಟದೆ ಒಂದು ದೇಶದಲ್ಲಿ ಆಯುಷ್ಯ ಸವೆಸಿದ ನಾನು, ಬಾಗಿಲು ತಟ್ಟುವೆನೆಂದು ಹೊರಟವಳನ್ನು ತಡೆಯುವುದು ಯಾವ ಮುಖದಿಂದ? "ಹೋಗಲಿ," ಎಂದೆ. ಭಾವ ಚಹಾ ಮುಟ್ಟದೆ ಎದ್ದುಹೋದರು. ಎರಡು ಈದ್‌ಗಳಿಗೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮುಂದಿನ ಒಂದು ವರ್ಷ ಎದುರುಮನೆಯಾಕೆ ಮಗಳ ಗುರುವಾದರು. ಸಂಜೆಯ ಪಾಠ ಭಾಷೆಯಿಂದ ತೊಡಗಿ ನಮ್ಮ ಅಡುಗೆಮನೆಯ ಕಸದವರೆಗೆ ಬಂತು. ಸುಡುವಂಥದು ಒಂದು ಚೀಲ, ಸುಡದಿರುವುದು ಇನ್ನೊಂದು, ತೊಳೆದ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ. ಎಲ್ಲವನ್ನೂ ಒಂದೇ ತೊಟ್ಟಿಗೆ ಎಸೆಯುವ ಆ ಕಟ್ಟಡದ ಕೆಳಗೆ ಮಗಳು ಐದು ಚೀಲ ಹಿಡಿದು ನಿಂತರೆ, ಕೇರಳದ ಕಾವಲುಗಾರ ನನ್ನನ್ನು ಕಂಡು ಮೆಲ್ಲನೆ, "ಹಾಜಿಕ್ಕಾ, ಮಗಳಿಗೆ ಏನಾದರೂ ಹುಷಾರಿಲ್ಲವೇ?" ಎಂದು ವಿಚಾರಿಸಿದ್ದ. ಗುರು ಕಠಿಣರು. ಬಾಟಲಿಯ ಕಾಗದ ಕೀಳದಿದ್ದರೆ ಚೀಲ ಮತ್ತೆ ಮೂರು ಮಹಡಿ ಮೇಲೇರಬೇಕಾಗಿತ್ತು. ಆದರೆ ಅಷ್ಟೇ ಕಠಿಣವಾಗಿ ಇನ್ನೊಂದನ್ನೂ ಕಲಿಸಿದರು: ಊಟಕ್ಕೆ ಕರೆದರೆ ಇಂಥದನ್ನು ತಿನ್ನುವುದಿಲ್ಲ, ನಮಾಜಿಗೆ ಹತ್ತು ನಿಮಿಷ ಬೇಕು ಎಂದು ಮೊದಲ ದಿನವೇ, ನಗುತ್ತ, ಕ್ಷಮೆ ಕೇಳದೆ ಹೇಳುವುದನ್ನು. ಅದನ್ನು ಮಗಳಿಂದ ನೂರು ಸಲ ಹೇಳಿಸಿದರು.

ಮಗಳು ಹೋದಳು. ಆ ಊರಿನಲ್ಲಿ ಬಾಗಿಲಿಂದ ಬಾಗಿಲಿಗೆ ವಸ್ತ್ರ ಕೊಟ್ಟಳು. ಐದು ತಿಂಗಳಾದರೂ ಹಲಗೆ ಬರಲಿಲ್ಲ. ಒಂದು ಭಾನುವಾರ ತಲೆವಸ್ತ್ರ ಸರಿಪಡಿಸಿಕೊಂಡು ಪಕ್ಕದ ಮನೆಗೆ ಹೋಗಿ ತಲೆಬಾಗಿ ಕೇಳಿದಳಂತೆ. ಓದಲು ನಿನಗೆ ಕಷ್ಟವೆಂದು ತರಲಿಲ್ಲ, ಎಂದು ಅಲ್ಲಿನ ಮುದುಕರು ತಡವರಿಸಿದರಂತೆ. "ನಿಧಾನವಾಗಿ ಓದುತ್ತೇನೆ. ಕಾಯಬೇಕಾದೀತು," ಎಂದು ಇವಳು ಅಲ್ಲಿಯೇ ನಿಂತಳಂತೆ. ಮುಂದಿನ ತಿಂಗಳು ಹಲಗೆ ಬಂತು. ಅದನ್ನು ಹೇಳಲು ಎದುರುಮನೆಗೆ ಓಡಿದೆ. ಆಕೆ ಹಿಗ್ಗಲಿಲ್ಲ. "ಒಳ್ಳೆಯದು. ಬರದಿದ್ದರೆ ಮತ್ತೆ ಹೋಗಲು ಹೇಳಿ," ಎಂದಷ್ಟೇ ನುಡಿದು ತಟ್ಟೆ ಕೈಗಿತ್ತರು.

ಕೆಲಸದ ಅವಧಿ ಮುಗಿದಾಗ ಈ ದೇಶ ಆಕೆಯನ್ನೂ ಮರಳಿ ಕಳುಹಿಸಿತು. ಹೊರಡುವ ದಿನ ನಮ್ಮ ಉಕ್ಕಿನ ತಟ್ಟೆಯನ್ನು ಕೇಳಿ ಪಡೆದು, ತುಂಬಿಸಿ ಕಳುಹಿಸುತ್ತೇನೆಂದು ಒಯ್ದರು. ಅದೇ ಓಣಿಯ ಅದೇ ಮನೆಗೆ ಹೋಗಿ ನೆಲೆಸಿದರಂತೆ... ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಗಳು ರೈಲು ಹತ್ತಿ ಹೋಗಿ ಅಂತಿಮ ದರ್ಶನ ಮಾಡಿ ಬಂದಳು. ನಾನು ಇಲ್ಲಿ ಎರಡು ಕೈಯೆತ್ತಿ ದುಆ ಮಾಡಿದೆ; ಸ್ವೀಕರಿಸುವವನು ಅವನು. ತಟ್ಟೆ ಬರಲಿಲ್ಲ. ಎದುರಿನ ಬಾಗಿಲು ತೆರೆಯುವ ಸದ್ದಿಗೆ ಇಂದಿಗೂ ಕಿವಿ ನಿಮಿರುತ್ತದೆ. ಆ ಬಾಗಿಲೂ ಈಗಿಲ್ಲ. ಹಳೆಯ ಕಟ್ಟಡವನ್ನು ಕೆಡವುತ್ತಿದ್ದಾರೆ.

ಮಗ ನಮ್ಮನ್ನು ಕರೆತಂದಿರುವುದು ಎತ್ತರದ ಕಟ್ಟಡವೊಂದರ ಹನ್ನೆರಡನೆಯ ಮಹಡಿಗೆ. ಬಂದ ದಿನವೇ ಗೋಡೆಗೆ ನನ್ನ ಕೈಯಾರೆ ಮೊಳೆ ಹೊಡೆದು ನೀಲಿ ವಸ್ತ್ರವನ್ನು ತೂಗುಹಾಕಿದೆ. ಮರುದಿನ ಭಾವನ ಅಂಗಡಿಗೆ ಹೋಗಿ ನಾಲ್ಕು ಬೈರಾಸ ಕೇಳಿದೆ.

"ಯಾರಿಗೆ?"

"ಗುರುತಿಲ್ಲದವರಿಗೆ."

ಭಾವ ನನ್ನ ಮುಖ ನೋಡಿದರು. ತಾವೇ ಒಂದೊಂದನ್ನೂ ಒಪ್ಪವಾಗಿ ಮಡಿಸಿ ಬೇರೆಬೇರೆ ಕಾಗದದ ಚೀಲಕ್ಕೆ ಹಾಕಿದರು.

"ಅಬ್ಬಾ, ಇಲ್ಲಿ ಯಾರೂ ಯಾರ ಬಾಗಿಲೂ ತಟ್ಟುವುದಿಲ್ಲ. ಸೆಕ್ಯುರಿಟಿಗೆ ಕಂಪ್ಲೇಂಟ್ ಹೋದ್ರೆ?" ಎಂದು ಮಗ ತಡೆದ.

"ಹೋಗಲಿ," ಎಂದೆ.

ಮೊದಲನೆಯ ಮನೆಯಾಕೆ ಬೆರಗಾಗಿ ತೆಗೆದುಕೊಂಡಳು. ಎರಡನೆಯ ಮನೆಯವರು ಒಳಗೆ ಕರೆದರು. ಮೂರನೆಯ ಬಾಗಿಲನ್ನು ಕಿವಿಗೆ ಫೋನು ಹಚ್ಚಿಕೊಂಡಿದ್ದ ತರುಣನೊಬ್ಬ ಗೇಣಗಲ ತೆರೆದು, ನನ್ನ ಕೈಯಲ್ಲಿದ್ದುದನ್ನು ನೋಡಿ, "ಮಾಫಿ, ಮಾಫಿ, ಅಂಕಲ್," ಎಂದು ಮುಚ್ಚಿದ.

ಹಿಂದಿನಿಂದ ನಗು ಕೇಳಿಸಿತು. ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ತಲೆಯ ಮೇಲಿನ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಚೀಲವನ್ನು ಆ ಬಾಗಿಲ ಹಿಡಿಗೆ ತೂಗುಹಾಕಿ, ನಾಲ್ಕನೆಯ ಬಾಗಿಲನ್ನು ತಟ್ಟಿದೆ.