ಸುಳ್ಳು ವಯಸ್ಸಿನ ಹಿರಿಯಕ್ಕ

ಹೆಂಗಸರು ವಯಸ್ಸು ಕಡಿಮೆ ಹೇಳುತ್ತಾರೆಂದು ಲೋಕ ನಗುತ್ತದೆ. ನಾನು ಹನ್ನೊಂದು ವರ್ಷ ಜಾಸ್ತಿ ಹೇಳಿಕೊಂಡು ಆರು ವರ್ಷ ಬದುಕಿದೆ.

ನನ್ನ ಹೆಸರು ವಿಮಲಾ. ಮಡಿಕೇರಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹುಟ್ಟಿದ್ದು ಕೊಡ್ಲಿಪೇಟೆಯಲ್ಲಿ, ಗಂಡು ಮಗುವೆಂದು ಮನೆಯವರು ಸಕ್ಕರೆ ಹಂಚಿದ್ದರಂತೆ. ಹತ್ತೊಂಬತ್ತನೇ ವಯಸ್ಸಿಗೆ ಸೀರೆ ಉಡುವ ಆಸೆಯಿಂದ ಮನೆ ಬಿಟ್ಟು ಮೈಸೂರಿಗೆ ಹೋಗಿ, ಮಂಗಳಮುಖಿಯರ ಗುರುವೊಬ್ಬರ ಮನೆ ಸೇರಿದೆ. ಗುರು ಕೆಟ್ಟವರಲ್ಲ. ಆದರೆ ಅಲ್ಲಿ ಹಿರಿತನಕ್ಕೂ ವಯಸ್ಸಿಗೂ ಸಂಬಂಧವಿರಲಿಲ್ಲ; ಮೊದಲು ಬಂದವಳು ಅಕ್ಕ. ನಾನು ಕೊನೆಗೆ ಬಂದವಳು. ನನಗಿಂತ ಚಿಕ್ಕವರನ್ನೂ ಅಕ್ಕ ಎನ್ನುತ್ತ, ಎಂಟು ಜನರ ಪಾತ್ರೆ ತಿಕ್ಕುತ್ತ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತ ವರ್ಷಗಳು ಹೋದವು. ಬಾಗಿಲು ಬಡಿದ ಸದ್ದಾದಾಗಲೆಲ್ಲ ಹೊಸಬಳು ಬಂದಳೇನೋ ಎಂದು ಓಡಿ ಹೋಗಿ ನೋಡುತ್ತಿದ್ದೆ. ಹಾಲಿನವನು ಬಂದಿರುತ್ತಿದ್ದ.

ಹೊಲಿಗೆ ಕಲಿತು ಮಡಿಕೇರಿಗೆ ಬಂದಾಗ ಒಂದು ಶಪಥ ಮಾಡಿದ್ದೆ: ಇನ್ನು ಮುಂದೆ ಎಲ್ಲಿಯೂ ಕಿರಿಯಳಾಗಿರುವುದಿಲ್ಲ. ಏಳು ವರ್ಷದ ಹಿಂದೆ ಇಲ್ಲಿನ ಮಂಗಳಮುಖಿಯರು ನಾವು ಐದು ಜನ ಸೇರಿ ಸಂಘ ಕಟ್ಟಿದೆವು. ಎಲ್ಲರಿಗಿಂತ ದೊಡ್ಡವರು ಮುಂದೆ ನಿಲ್ಲಲಿ ಎಂದು ಮಾತಾಯಿತು. ನಾಪೋಕ್ಲು ಕಡೆಯ ಪೊನ್ನಮ್ಮ, ಹೋಟೆಲೊಂದರಲ್ಲಿ ರೊಟ್ಟಿ ತಟ್ಟುವವಳು, ನೋಡಲು ದೊಡ್ಡವಳಂತೆ ಇದ್ದಳು. ಜಾಣತನದಿಂದ ಮೊದಲು ಅವಳನ್ನೇ ಕೇಳಿದೆ.

"ನಲವತ್ತೈದು," ಎಂದಳು.

"ನಂಗೆ ನಲವತ್ತೆಂಟು ಕಣೇ," ಎಂದೆ. ನನಗೆ ಆಗ ಮೂವತ್ತೇಳು.

ಸುಳ್ಳು ಹೇಳುವುದು ಸುಲಭ, ಅದಕ್ಕೆ ತಕ್ಕಂತೆ ಬದುಕುವುದು ಕಷ್ಟ. ಉಳಿದವರೆಲ್ಲ ಕೂದಲಿಗೆ ಬಣ್ಣ ಹಚ್ಚುತ್ತಿದ್ದರೆ ನಾನು ನನ್ನ ನಾಲ್ಕು ಬಿಳಿಕೂದಲನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಬಾಚಿಕೊಳ್ಳುತ್ತಿದ್ದೆ. ಬೇಡದ ಕನ್ನಡಕ ಕೊಂಡೆ. ಭಾನುವಾರದ ಮೀಟಿಂಗು ನನ್ನ ಕೋಣೆಯಲ್ಲೇ. ಇದ್ದ ಒಂದೇ ಕುರ್ಚಿಯಲ್ಲಿ ನಾನು, ಮಂಡಿನೋವಿನ ಪೊನ್ನಮ್ಮ ಚಾಪೆಯ ಮೇಲೆ. "ನಾನು ನಿನ್ನ ವಯಸ್ಸಲ್ಲಿದ್ದಾಗ" ಎಂದು ಶುರುಮಾಡಿ, ನನಗಿಂತ ಎರಡು ವರ್ಷ ದೊಡ್ಡವಳಿಗೂ ಬುದ್ಧಿ ಹೇಳಿದ್ದೇನೆ. ಎಲ್ಲರೂ ನನ್ನನ್ನು ಅಮ್ಮ ಎನ್ನಬೇಕಿತ್ತು.

ಹೋದ ವರ್ಷ ಭಾಗಮಂಡಲದ ಕಡೆಯಿಂದ ಮೋನಿಷಾ ಬಂದು ಸೇರಿಕೊಂಡಳು. ಇಪ್ಪತ್ತನಾಲ್ಕರ ಹುಡುಗಿ, ಬಿ.ಕಾಂ. ಓದಿದವಳು, ಹೋಂಸ್ಟೇಯೊಂದರಲ್ಲಿ ಕೆಲಸ. ಬಂದ ದಿನವೇ ನನ್ನನ್ನು "ಅಕ್ಕ" ಎಂದಳು. ಎರಡನೇ ವಾರ, "ನಮ್ಗೆಲ್ಲ ಟ್ರಾನ್ಸ್‌ಜೆಂಡರ್ ಕಾರ್ಡ್ ಯಾಕೆ ಇನ್ನೂ ಆಗ್ಲಿಲ್ಲ ಅಕ್ಕ?" ಎಂದು ಕೇಳಿದಳು.

"ಆಫೀಸಲ್ಲಿ ನಮ್ಮೋರಿದಾರೆ. ಮಾತಾಡ್ತಿದೀನಿ," ಎಂದೆ. ಮೂರು ವರ್ಷದಿಂದ ಇದೇ ಉತ್ತರ. ಅರ್ಜಿಗೆ ಆಧಾರ್ ಕೊಡಬೇಕು, ಆಧಾರಿನಲ್ಲಿ ಹುಟ್ಟಿದ ವರ್ಷ ಇರುತ್ತದೆ. ಆಫೀಸಿನಲ್ಲಿ ನನ್ನವರು ಯಾರೂ ಇರಲಿಲ್ಲ.

"ಮೊಬೈಲಲ್ಲೇ ಹಾಕ್ಬಹುದು ಅಕ್ಕ. ಬರುವ ಭಾನುವಾರ ಎಲ್ರೂ ಆಧಾರ್ ತನ್ನಿ," ಎಂದಳು ಮೋನಿಷಾ.

ನನಗೆ ಅವಮಾನವಾಯಿತು, ಭಯ ಅದಕ್ಕಿಂತ ಹೆಚ್ಚು. ಒಬ್ಬ ಹಿರಿಯಳು ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದನ್ನೇ ಮಾಡಿದೆ: ವಾಟ್ಸ್ಆ್ಯಪ್ ಗ್ರೂಪಿನಿಂದ ಹೊರಬಂದೆ. ಈಗ ಫೋನು ಬರುತ್ತದೆ, ಅಳುತ್ತಾರೆ, ಕರೆಯುತ್ತಾರೆ ಎಂದು ಕಾದೆ. ಎರಡು ದಿನ ಕಳೆದ ಮೇಲೆ ಪೊನ್ನಮ್ಮನ ಫೋನು ಬಂತು.

"ನಿನ್ನ ಮೊಬೈಲು ಹಾಳಾಯ್ತಾ ಎಂತ? ಗ್ರೂಪಲ್ಲಿ ಕಾಣ್ತಿಲ್ಲ."

"ಹೂಂ, ಹಾಳಾಗಿತ್ತು," ಎಂದೆ, ಅದೇ ಮೊಬೈಲಿನಲ್ಲಿ.

ಭಾನುವಾರ ಎಲ್ಲರೂ ನನ್ನ ಕೋಣೆಗೇ ಬಂದು ಕುಳಿತ ಮೇಲೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಕೊನೆಗೆ ಆಧಾರ್ ಕೊಟ್ಟೆ. ನಂಬರ್ ಮಾತ್ರ ನೋಡುತ್ತಾಳೆ ಎಂದುಕೊಂಡಿದ್ದೆ. ಮೋನಿಷಾ ಅದರಲ್ಲಿದ್ದ ನನ್ನ ಹಳೆಯ ಹೆಸರು ಯಾರಿಗೂ ಕಾಣದಂತೆ ಹೆಬ್ಬೆರಳಿಟ್ಟು ಮುಚ್ಚಿದಳು. ನಾನು ಯಾರಿಗೂ ಅಂಥ ಮರ್ಯಾದೆ ಮಾಡಿದವಳಲ್ಲ. ಆಮೇಲೆ ಅಷ್ಟೇ ಮರ್ಯಾದೆಯಿಂದ, ದೊಡ್ಡದಾಗಿ ಓದಿದಳು: "ಹುಟ್ಟಿದ ವರ್ಷ, ಸಾವಿರದ ಒಂಬೈನೂರ ಎಂಬತ್ತೆರಡು."

ನನಗೆ ನಿಜವಾಗಿಯೂ ಐವತ್ತನಾಲ್ಕಾದಂತೆ ಅನ್ನಿಸಿದ್ದು ಆಗಲೇ. ಎದ್ದು ಕುರ್ಚಿಯನ್ನು ಪೊನ್ನಮ್ಮನ ಕಡೆ ತಳ್ಳಿದೆ.

"ನಂಗೆ ಗೊತ್ತಿತ್ತು," ಎಂದಳು ಅವಳು. "ಕನ್ನಡಕ ತೆಗ್ದಿಟ್ಟು ಸೂಜಿಗೆ ದಾರ ಹಾಕ್ತಿದ್ದೆ ನೀನು. ಅಂಥ ಮುದ್ಕಿ ಎಲ್ಲುಂಟು?"

"ಮತ್ತೆ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನಾನು ದೊಡ್ಡವ್ಳಾಗ್ತಿದ್ದೆ. ಮನೆ ಓನರ್ ಬೈದ್ರೆ, ಪೊಲೀಸ್ ಬಂದ್ರೆ, ಹೋಗಿ ಮಾತಾಡ್ಬೇಕಾದ್ದು ನಾನೇ. ನೀನು ಹೋಗ್ತಿದ್ದೆ. ಹೋಗ್ಲಿ ಅಂತ ಬಿಟ್ಟೆ."

ಉಳಿದವರು ತಲೆ ತಗ್ಗಿಸಿದರು. ನಾನು ಅವರನ್ನು ಆಳುತ್ತಿದ್ದೇನೆ ಎಂದುಕೊಂಡ ಆರು ವರ್ಷವೂ ಅವರು ನನ್ನನ್ನು ಮುಂದೆ ದೂಡಿ ಹಿಂದೆ ಆರಾಮವಾಗಿದ್ದರು. ನನಗೆ ಸಿಟ್ಟು ಬಂತು, ಜೊತೆಗೆ ನಗುವೂ ಬಂತು. ಮೊದಲು ನಕ್ಕವಳು ಪೊನ್ನಮ್ಮ. ಅವತ್ತು ಎಲ್ಲರಿಗೂ ಚಹಾ ಮಾಡಿದವಳು ನಾನು. ಸಕ್ಕರೆ ಹಾಕಲು ಮರೆತೆ, ಯಾರೂ ಹೇಳಲಿಲ್ಲ.

ಮೋನಿಷಾ ಸಲಹೆಯಂತೆ ಈಗ ತಿಂಗಳಿಗೊಬ್ಬರು ಮುಂದಾಳು. ಪೊನ್ನಮ್ಮನ ತಿಂಗಳಲ್ಲಿ, ಮೀಟಿಂಗಿನ ಹೊತ್ತಿಗೆ ಮನೆ ಮಾಲೀಕರು ಬೈಯಲು ಬಂದಾಗ ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗಿನಿಂದ ನಾವೆಲ್ಲ ಕರೆದ ಮೇಲೆ ಬಂದು ಎರಡು ಮಾತಾಡಿದಳು, ಚೆನ್ನಾಗಿಯೇ ಆಡಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕಾರ್ಡುಗಳು ಬಂದವು. ಅವನ್ನು ತರಲು ಆರೂ ಜನ ಆಫೀಸಿಗೆ ಹೋದೆವು. ಗುಮಾಸ್ತ ಕುಶಾಲಪ್ಪನವರು ರಿಜಿಸ್ಟರ್ ತಿರುಗಿಸಿ, "ನಿಮ್ಮಲ್ಲಿ ಹಿರಿಯರು ಯಾರಮ್ಮ? ಒಂದು ಸಹಿ ಹಾಕಿ," ಎಂದರು. ನನ್ನ ಕೈ ಆಗಲೇ ಪೆನ್ನಿನ ಹತ್ತಿರ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಅವಿತಿಟ್ಟೆ. ಪೊನ್ನಮ್ಮ ಮುಂದೆ ಬಂದು, ಒಂದೊಂದೇ ಅಕ್ಷರ ಬಿಡಿಸುತ್ತ ಸಹಿ ಹಾಕತೊಡಗಿದಳು. ಹಿಂದೆ ನಿಂತವರು ಗೊಣಗಿದರು. ಬೇಗ ಬರಿ ಎನ್ನಲು ಬಾಯಿ ತುರಿಸಿತು. ಅವಳು ಕೊನೆಯ ಅಕ್ಷರ ಬರೆದು ಪೆನ್ನು ಇಡುವವರೆಗೂ ನಾನು ಒಂದು ಮಾತೂ ಆಡಲಿಲ್ಲ.